ಷರಾ

ಹುಬ್ಬಳ್ಳಿಗೆ ಪೂರ್ತಿ ಗ್ರಹಣ, ಚಿತ್ರದುರ್ಗಕ್ಕೆ ಒಂದು ಎಳೆ ಕಡಿಮೆ.
ಎಂಬತ್ತರ ಫೆಬ್ರವರಿ, ಶನಿವಾರ ಮಧ್ಯಾಹ್ನ.
ಅಲ್ಲಿಗೆ ಹೋಗಲು ಕಾಲೇಜು ಬಸ್ ಚಾರ್ಜು ಕೊಡಲಿಲ್ಲ.
"ಎಳೆ ಉಳಿದರೇನಂತೆ, ಇಲ್ಲೇ ಅಳೆಯೋಣ" ಅಂದರು
ಖುದ್ದೂಸ್ ಮೇಷ್ಟ್ರು.

ಬರುತ್ತೇವೆಂದ ಏಳು ಮಂದಿಯಲ್ಲಿ ಬಂದವಳು ನಾನೊಬ್ಬಳೇ.
ಒಬ್ಬನ ಅಜ್ಜಿ ಹೊಸಿಲಿಗಡ್ಡ ಮಲಗಿದ್ದಳಂತೆ,
ಒಬ್ಬಳ ಅಕ್ಕನಿಗೆ ಆರು ತಿಂಗಳು,
ಉಳಿದವರು ನೆಪವನ್ನೂ ಕಳಿಸಲಿಲ್ಲ.
ಸಂತೆಪೇಟೆಯ ನಟ್ಟನಡುವೆ ಒಂದೇ ಒಂದು ಎಮ್ಮೆ.
ಅದಕ್ಕೆ ಯಾರೂ ಹೇಳಿರಲಿಲ್ಲ.

ಲ್ಯಾಬು ಗುಡಿಸುವ ಪಾಲಮ್ಮ
ಥರ್ಮಾಮೀಟರಿನ ಪೆಟ್ಟಿಗೆಯನ್ನು
ಮೊಟ್ಟೆಬುಟ್ಟಿಯ ಹಾಗೆ ಸೊಂಟಕ್ಕಾನಿಸಿ ಕೋಟೆ ಹತ್ತಿದಳು.

ಒಂದನ್ನು ಸೀತಾಫಲದ ನೆರಳಿಗೆ ಕಟ್ಟಿದೆವು, ಗಾಳಿಗೆ.
ಇನ್ನೊಂದನ್ನು ಬಂಡೆಯ ಸೀಳಿಗಿಳಿಸಿ
ಸುತ್ತ ಮಣ್ಣು ಮೆತ್ತಿದೆವು, ಕಲ್ಲಿಗೆ.
ಕೆಳಗಿನ ಬುರುಜಿನಲ್ಲಿ ಮೇಷ್ಟ್ರು
ರಟ್ಟಿನ ತೂತಿನಿಂದ ಬಿಳಿ ಹಾಳೆಗೆ ಸೂರ್ಯನನ್ನು ಇಳಿಸಿಕೊಂಡು
ಅಂಚನ್ನು ಪೆನ್ಸಿಲಿನಲ್ಲಿ ತಿದ್ದುತ್ತಾ ಕೂತರು.
ಐದು ನಿಮಿಷಕ್ಕೊಮ್ಮೆ ಅವರ ಸೀಟಿ,
ನಾನು ಓದಬೇಕು, ಬರೆಯಬೇಕು.
ಕೊನೆಯ ಕಾಲಮ್ಮು ಷರಾ. ಅದು ಖಾಲಿಯಿದ್ದರೂ ನಡೆಯುತ್ತದೆ.

ಎರಡೂವರೆಗೆ ಮೂವತ್ತಮೂರು ಪಾಯಿಂಟ್ ಎರಡು.
ಮೂರೂಕಾಲಿಗೆ ಮೂವತ್ತೆರಡು.
ಗಿಡದಡಿಯ ನೆಲದ ತುಂಬ ಕುಡುಗೋಲು ಕುಡುಗೋಲಾದ ಬೆಳಕು.
ಸಂಜೆಯಾದಂತಲ್ಲ ಅದು.
ಸಂಜೆಗೆ ಕೆಂಪಿರುತ್ತದೆ, ಉದ್ದ ನೆರಳಿರುತ್ತದೆ.
ಇಲ್ಲಿ ಬಿಸಿಲು ಇದ್ದಲ್ಲೇ ಹಳಸಿತು.
ನನ್ನ ಕೈ ನೋಡಿಕೊಂಡೆ, ತವರದ ಬಣ್ಣ.

ಮೂರು ದಿನದ ಹಿಂದೆ ಭಾಷಣ ಮಾಡಿದ್ದೆ ನಾನು,
ಗ್ರಹಣವೆಂದರೆ ಬರೀ ನೆರಳು, ಹೆದರುವವರು ಹೆಡ್ಡರು ಎಂದು.
ಚಪ್ಪಾಳೆ ಬಿದ್ದಿತ್ತು.

ಓಡಿದೆ.
ಹಾಳೆ ಬಿಟ್ಟು, ಪೆನ್ನು ಬಿಟ್ಟು,
ಎರಡು ಬಂಡೆ ಕೂಡುವ ಸಂದಿಯಲ್ಲಿ ಮುಖ ಒತ್ತಿ ಕೂತೆ.
ಕಲ್ಲು ಬೆಚ್ಚಗಿತ್ತು. ಇಡೀ ಮಧ್ಯಾಹ್ನದ ಬಿಸಿಲು
ಅದರೊಳಗೆ ಹಾಗೇ ಇತ್ತು, ಮೇಲೆ ಏನೂ ಆಗಿಲ್ಲವೆಂಬಂತೆ.
ಸೀಟಿ ಕೇಳಿಸಿತು. ಮತ್ತೆ ಸೀಟಿ. ಏಳಲಿಲ್ಲ.

ನಾಲ್ಕಕ್ಕೆ ವಾಪಸು ಬಂದಾಗ ಬೆಳಕು ಮರಳುತ್ತಿತ್ತು.
ಪಾಲಮ್ಮ ಗಿಡದ ಹತ್ತಿರ ಬಗ್ಗಿ,
ಉಸಿರು ಗಾಜಿಗೆ ತಾಗದಂತೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.
ಹನ್ನೆರಡು ವರ್ಷ ಒರೆಸಿ ಒರೆಸಿ
ಆ ಗೆರೆಗಳೆಲ್ಲ ಅವಳಿಗೆ ಬಾಯಿಪಾಠ.
"ಬಿಸ್ಲು ಬಂತು, ಆದ್ರೂ ಇದು ಇನ್ನೂ ಇಳೀತಾ ಐತೆ ಕಣವ್ವಾ" ಅಂದಳು.
ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ.

ಕತ್ತಲು ಮೊದಲು, ತಂಪು ಆಮೇಲೆ,
ಕಾಲು ಗಂಟೆಯ ಅಂತರ, ಅದೇ ನಮ್ಮ ಫಲಿತಾಂಶ, ಅಂದರು ಮೇಷ್ಟ್ರು.
ಕಲ್ಲು ಇಳಿದದ್ದು ಬರೀ ಒಂದು ಗೆರೆ.

ಶುದ್ಧಪ್ರತಿ ಮಾಡಿದವಳು ನಾನು.
ರಾತ್ರಿ ಶಾಲೆಯ ಅವಳ ದಪ್ಪ ಕನ್ನಡ ಅಂಕಿಗಳನ್ನು,
೩೦.೬, ೩೦.೧, ೨೯.೮, ೨೯.೬,
ಇಂಗ್ಲಿಷಿಗೆ ತಿರುಗಿಸಿ
ನನ್ನ ಅಕ್ಷರದಲ್ಲಿ ಕೂರಿಸಿದೆ.
ಗ್ರಾಫು ನುಣ್ಣಗೆ ಬಂತು. ಒಂದು ಚುಕ್ಕೆಯೂ ತಪ್ಪಿರಲಿಲ್ಲ.
ಜಿಲ್ಲಾ ಮೇಳದಲ್ಲಿ ಬಹುಮಾನ, ಹಿತ್ತಾಳೆ ಕಪ್ಪು,
ವೀಕ್ಷಣೆ: ಕುಮಾರಿ ಎನ್. ಸರ್ವಮಂಗಳ.

ಆಗ ಏನೂ ಅನ್ನಿಸಲಿಲ್ಲ. ನಿಜಕ್ಕೂ.
ಅನ್ನಿಸಿದ್ದು ಎಷ್ಟೋ ವರ್ಷದ ಮೇಲೆ,
ಸುಡುವ ಬೇಸಿಗೆಯಲ್ಲಿ, ನಾನೇ ಮೇಷ್ಟರಾಗಿ
ಹುಡುಗರಿಗೆ ಆ ಅಂತರ ಯಾಕೆ ಎಂದು ಬೋರ್ಡಿನ ಮೇಲೆ ವಿವರಿಸುವಾಗ.

ಕಚ್ಚಾ ಹಾಳೆ ಇನ್ನೂ ನನ್ನ ಹತ್ತಿರವಿದೆ.
ಮಡಿಕೆಯಲ್ಲಿ ಹರಿದಿದೆ, ಮಣ್ಣಿನ ಬೆರಳಚ್ಚಿದೆ.
ನಾನು ನಕಲು ಮಾಡದೆ ಬಿಟ್ಟ ಕಾಲಮ್ಮಿನಲ್ಲಿ,
ಅವಳ ಅಕ್ಷರದಲ್ಲಿ:

೩-೪೫. ಕಾಗೆ ಕುಂತವು.
೩-೫೦. ಗಾಳಿ ನಿಂತೈತೆ.
೪-೦೦. ಹುಡುಗಿ ಬಂದ್ಲು.